ಐಸಕ್ಕ ಕಿರುಚಿದ ಮಧ್ಯಾಹ್ನ

ನಮ್ಮ ಅಗ್ನಿಶಾಮಕ ಠಾಣೆಯಲ್ಲಿ ಇಪ್ಪತ್ತನಾಲ್ಕು ವರ್ಷ ಫೋನು ಎತ್ತಿದ ಹೆಂಗಸನ್ನು ಎಲ್ಲರೂ ಕರೆಯುತ್ತಿದ್ದದ್ದು ಐಸಕ್ಕ ಅಂತ. ಬೆಂಕಿ ಆರಿಸುವವರ ನಡುವೆ ಒಂದಾದರೂ ಮಂಜುಗಡ್ಡೆ ಇರಬೇಡವೇ ಎಂದು ಹಳೆಯ ಡ್ರೈವರೊಬ್ಬರು ತಮಾಷೆಗೆ ಇಟ್ಟ ಹೆಸರು. ಅದು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ, ಒಮ್ಮೆ ಹೊಸ ಗುಮಾಸ್ತ ಬಾಗಿಲಲ್ಲಿ ನಿಂತು ಅವಳ ನಿಜವಾದ ಹೆಸರು ಕೂಗಿದಾಗ ಅವಳೇ ಹಿಂದೆ ತಿರುಗಿ, ಅದ್ಯಾರಪ್ಪಾ ಎಂದು ನೋಡಿದ್ದಳು.

ಹನ್ನೊಂದು ವರ್ಷ ಅವಳ ಪಕ್ಕದ ಕುರ್ಚಿಯಲ್ಲಿ ಕೂತು ವೈರ್‌ಲೆಸ್ ನೋಡಿಕೊಂಡವಳು ನಾನು. ಅವಳು ಫೋನಿನಲ್ಲಿ ವಿಳಾಸ ಹಿಡಿದು ಕೊಡುತ್ತಿದ್ದಳು, ನಾನು ಅದನ್ನು ಗಾಡಿಗಳಿಗೆ ಮುಟ್ಟಿಸುತ್ತಿದ್ದೆ. ನಮ್ಮದು ಮಹಡಿಯ ಮೇಲಿನ ಒಂದೇ ಕೋಣೆ. ಗೋಡೆ ತುಂಬ ಊರಿನ ನಕ್ಷೆ, ಅದರ ಮೇಲೆ ಕೆಂಪು ನೀಲಿ ಗುಂಡುಪಿನ್ನುಗಳು, ಹಿಡಿ ಮುರಿದ ಒಂದು ಕೆಟಲ್, ಕೆಳಗಿನಿಂದ ಸದಾ ಮೇಲೇರಿ ಬರುವ ಡೀಸೆಲ್ಲಿನ ಮತ್ತು ಒದ್ದೆ ಪೈಪಿನ ವಾಸನೆ. ಆ ವಾಸನೆ ಈಗಲೂ ನನ್ನ ಸೀರೆಗಳಲ್ಲಿ ಇದೆ ಅಂತ ನನ್ನ ಮಗಳು ಹೇಳುತ್ತಾಳೆ.

ಫೋನು ಎತ್ತಿದರೆ ಐಸಕ್ಕನ ಬಾಯಿಂದ ಬರುತ್ತಿದ್ದದ್ದು ನಾಲ್ಕೇ ಮಾತು. "ಅಗ್ನಿಶಾಮಕ ಠಾಣೆ. ವಿಳಾಸ ಹೇಳಿ." ತಲೆಯ ಮೇಲೆ ತಲೆ ಬಿದ್ದರೂ ಅದರ ಏರಿಳಿತ ಬದಲಾಗುತ್ತಿರಲಿಲ್ಲ. ಆ ಕಡೆಯವರು ಹಾಗಿರುತ್ತಿರಲಿಲ್ಲ, ಪಾಪ.

"ಬೆಂಕಿ! ಬೆಂಕಿ!"

"ಎಲ್ಲಿ?"

"ಮನೇಲಿ!"

"ಯಾರ ಮನೇಲಿ?"

"ಯಾರ ಮನೆ ಅಂದ್ರೆ? ನಮ್ಮನೇಲಿ!"

"ನಿಮ್ಮನೆ ಎಲ್ಲಿದೆ?"

"ಅಯ್ಯೋ, ಇಲ್ಲೇ!"

ಆಗ ಐಸಕ್ಕ ಫೋನಿನ ಬಾಯಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗುತ್ತಿದ್ದಳು. "ನೋಡು, ಈ ಮನುಷ್ಯನಿಗೆ ಭಾವನೆ ಅನ್ನೋದೊಂದು ಇಲ್ದಿದ್ರೆ ಇಷ್ಟು ಹೊತ್ತಿಗೆ ಗಾಡಿ ಅವನ ಬಾಗಿಲಲ್ಲಿ ಇರ್ತಿತ್ತು."

ಅವಳ ಈ ಸಿದ್ಧಾಂತಕ್ಕೆ ಸಾಕ್ಷಿಗಳು ದಿನಕ್ಕೆರಡು ಸಿಗುತ್ತಿದ್ದವು. ಒಬ್ಬಾಕೆ "ನನ್ನ ಕಂದ ಒಳಗಿದೆ, ನನ್ನ ಕಂದ ಒಳಗಿದೆ" ಎಂದು ಎದೆ ಬಡಿದುಕೊಂಡು ಅತ್ತದ್ದಕ್ಕೆ ಮೂರು ಗಾಡಿ ಓಡಿದವು. ಕಂದನನ್ನು ಎತ್ತಿಕೊಂಡು ಬಂದ ನಮ್ಮ ಹುಡುಗನ ಮುಖದ ಮೇಲೆ ಐದು ಗೀರು. ಕಂದ ಅಂದರೆ ಬೆಕ್ಕು. ಇನ್ನೊಬ್ಬ ಯಜಮಾನರು ಮನೆ ಹೊತ್ತಿ ಉರಿಯುವಾಗ ಎಲ್ಲ ಬಿಟ್ಟು ಒಂದು ದಿಂಬು ಹಿಡಿದು ಬೀದಿಗೆ ಬಂದಿದ್ದರು. ಯಾಕೆಂದು ಕೇಳಿದರೆ ಅವರಿಗೇ ಗೊತ್ತಿಲ್ಲ.

ಸಿದ್ಧಾಂತ ಹುಟ್ಟಿದ್ದು ಠಾಣೆಯಲ್ಲಲ್ಲ. ಅವಳಿಗೆ ಹದಿನೇಳು ವರ್ಷವಿದ್ದಾಗ ಅವಳ ಅಮ್ಮ ಅಡುಗೆಮನೆಯಲ್ಲಿ ನಿಂತಲ್ಲೇ ಕುಸಿದು ಬಿದ್ದಳಂತೆ. ಮನೆ ತುಂಬ ಜನ. ಅಪ್ಪ ಗೋಡೆಗೆ ತಲೆ ಹೊಡೆದುಕೊಂಡ. ಚಿಕ್ಕಪ್ಪ ಚಪ್ಪಲಿ ಹುಡುಕುತ್ತ ಮೂರು ಸುತ್ತು ಹಾಕಿದ. ಅತ್ತೆ ಅಳು ಶುರುಮಾಡಿದಳು, ಅವಳನ್ನು ಸಮಾಧಾನ ಮಾಡಲು ಇಬ್ಬರು ಬೇಕಾದರು. ಕೊನೆಗೆ ಪಕ್ಕದ ಮನೆಯ ದರ್ಜಿ ಹೆಂಗಸು, ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದವಳು, ಸೂಜಿ ತೆಗೆದು ಸೆರಗಿಗೆ ಚುಚ್ಚಿ, ಬಿದ್ದವಳನ್ನು ಮಗ್ಗುಲಾಗಿ ಮಲಗಿಸಿ, ತಾನೇ ಹೋಗಿ ಡಾಕ್ಟರನ್ನು ಕರೆತಂದಳು. ಅಮ್ಮ ಬದುಕಿದಳು, ಎಂಬತ್ತು ದಾಟಿ ಈಗಲೂ ಮಗಳಿಗೆ ಬುದ್ಧಿ ಹೇಳುತ್ತಿದ್ದಾಳೆ. ಆದರೆ ಹದಿನೇಳರ ಹುಡುಗಿ ಅವತ್ತೇ ತೀರ್ಮಾನಕ್ಕೆ ಬಂದಳು. ಅಳುವವರು ಎಂಟು ಜನ, ಕೆಲಸ ಮಾಡಿದವಳು ಒಬ್ಬಳು.

"ಕೋಪ ಇಲ್ದಿದ್ರೆ ಜಗಳ ಇಲ್ಲ," ಎಂದು ಟೀ ಹೊತ್ತಿನಲ್ಲಿ ಅವಳು ಬೆರಳು ಮಡಚುತ್ತಿದ್ದಳು. "ಹೊಟ್ಟೆಕಿಚ್ಚು ಇಲ್ದಿದ್ರೆ ಅರ್ಧ ಕೋರ್ಟು ಮುಚ್ಚುತ್ತೆ. ಭಯ ಇಲ್ದಿದ್ರೆ ಜನ ವಿಳಾಸ ಸರಿಯಾಗಿ ಹೇಳ್ತಾರೆ. ಮನುಷ್ಯಕುಲಕ್ಕೆ ಈ ಭಾವನೆಗಳಿಂದ ಏನು ಲಾಭ ಆಗಿದೆ, ಒಂದು ಹೇಳಿ ನೋಡೋಣ."

ನಮ್ಮ ಸಾಹೇಬರು, ಠಾಣೆಯ ಮುಖ್ಯಸ್ಥರು, ವಾದ ಅಂದರೆ ಊಟ ಬಿಡುವವರು. "ಭಾವನೆ ಇಲ್ದಿದ್ರೆ ಯಾರಮ್ಮ ಬೆಂಕಿಗೆ ಹಾರ್ತಾರೆ?"

"ತರಬೇತಿ ಕೊಟ್ರೆ ಹಾರ್ತಾರೆ."

"ತರಬೇತಿ ಯಾಕೆ ತಗೋತಾರೆ?"

"ಸಂಬಳಕ್ಕೆ."

"ಸಂಬಳ ಯಾಕೆ ಬೇಕು?"

"ಸಾಹೇಬ್ರೇ, ನಿಮ್ಮ ಟೀ ಆರ್ತಿದೆ," ಎನ್ನುತ್ತಿದ್ದಳು ಐಸಕ್ಕ. ಗೆಲ್ಲಲಾಗದ ಕಡೆ ಅವಳು ಹೀಗೆ ಬಾಗಿಲು ಹಾಕಿಬಿಡುತ್ತಿದ್ದಳು.

ಇಂಥವಳಿಗೆ ಗಂಟುಬಿದ್ದ ಗಂಡನಾದರೂ ಎಂಥವನು! ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಆ ಮಹಾಶಯನಿಗೆ ಕಣ್ಣೀರು ರೆಪ್ಪೆಯ ತುದಿಯಲ್ಲೇ ಕೂತಿರುತ್ತಿತ್ತು. ಮಗಳು ಮೊದಲ ಹೆಜ್ಜೆ ಇಟ್ಟಾಗ ಅತ್ತ, ಶಾಲೆಗೆ ಹೋದಾಗ ಅತ್ತ, ಪಾಸಾದಾಗ ಅತ್ತ. ಯಾರೋ ಗಿರಾಕಿ ಹದಿನೆಂಟು ವರ್ಷದ ಹಳೆ ಸೈಕಲನ್ನು ಗುಜರಿಗೆ ಕೊಡುತ್ತೇನೆ ಅಂದಾಗಲೂ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದ. ಐಸಕ್ಕ ಅವನನ್ನು "ನಮ್ಮನೆ ನಲ್ಲಿ" ಎಂದು ಕರೆಯುತ್ತಿದ್ದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಸಂಸಾರ. ಆದರೂ ಬಂಡಿ ಚೆನ್ನಾಗಿಯೇ ಓಡುತ್ತಿತ್ತು. ಮದುವೆಗೆ ಯಾಕೆ ಒಪ್ಪಿದೆ ಅಂತ ಕೇಳಿದರೆ, "ಕುಡಿಯಲ್ಲ, ಸುಳ್ಳು ಹೇಳಲ್ಲ, ಅಂಗಡಿ ನಮ್ಮನೆಗೆ ಹತ್ತಿರ. ಮೂರಕ್ಕೆ ಮೂರು," ಎನ್ನುತ್ತಿದ್ದಳು. ಅವನ ಕಥೆ ಬೇರೆ. "ನಾನು ಕೇಳಿದಾಗ ಅವಳು ಎರಡು ಸಲ ನಕ್ಕಿದ್ಳು. ಒಂದು ಸಲ ಅಲ್ಲ, ಎರಡು." ಈ ಎರಡನೇ ನಗುವಿನ ಬಗ್ಗೆ ಗಂಡ ಹೆಂಡತಿ ನಡುವೆ ಮೂವತ್ತು ವರ್ಷವಾದರೂ ರಾಜಿ ಆಗಿರಲಿಲ್ಲ.

ಒಂದು ದಿನ ಅವನ ಅಂಗಡಿಗೇ ಬೆಂಕಿ ಬಿತ್ತು. ಪಕ್ಕದ ವೆಲ್ಡಿಂಗ್ ಶೆಡ್ಡಿನ ಕಿಡಿ ಹಾರಿ ಹಿಂದುಗಡೆ ಪೇರಿಸಿದ್ದ ಹಳೆ ಟೈರುಗಳಿಗೆ ತಾಗಿತು. ಫೋನು ಬಂತು. ಆ ಕಡೆಯ ಕೂಗು ನನ್ನ ಕುರ್ಚಿಯವರೆಗೂ ಕೇಳಿಸಿತು.

"ನಾನು ಕಣೇ! ಟೈರಿಗೆ ಬೆಂಕಿ ಬಿದ್ದಿದೆ!"

"ವಿಳಾಸ ಹೇಳಿ."

"ನಮ್ಮ ಅಂಗಡಿ ಕಣೇ!"

"ರಸ್ತೆ ಹೆಸರು, ಅಂಗಡಿ ನಂಬರು."

"ದಿನಾ ಸಾಯಂಕಾಲ ಇಲ್ಲಿಗೇ ಬರ್ತೀಯಲ್ಲೇ, ಮಾರಾಯ್ತಿ!"

"ಒಳಗೆ ಯಾರಾದ್ರೂ ಸಿಕ್ಕಿಕೊಂಡಿದ್ದಾರಾ?"

"ಇಲ್ಲ! ನಾನು ಹೊರಗಿದ್ದೀನಿ!"

"ಕರೆ ಮಾಡ್ತಿರೋರ ಹೆಸರು?"

 ಆಮೇಲೆ ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ಕೇಳುವ ಹಾಗೆ ಬಂತು ಉತ್ತರ. "ನಿನ್ನ ಗಂಡ!"

ಅವಳು ಹೆಸರಿನ ಜಾಗದಲ್ಲಿ 'ಗಂಡ' ಎಂದು ಬರೆದು ಕಾಗದ ನನ್ನ ಕೈಗಿಟ್ಟಳು. ಆ ಕಾಗದ ಇವತ್ತಿಗೂ ಠಾಣೆಯ ಕಡತದಲ್ಲಿ ಇದೆ. ಗಾಡಿ ನಾಲ್ಕೇ ನಿಮಿಷಕ್ಕೆ ಹೋಯಿತು, ಅಂಗಡಿ ಉಳಿಯಿತು, ಟೈರು ಹೋದವು. ಗಂಡ ಮಾತ್ರ ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಬಾಯಿಬಿಟ್ಟದ್ದು ಇಷ್ಟು. "'ನಿಮಗೇನೂ ಆಗಿಲ್ಲ ತಾನೇ' ಅಂತ ಒಂದು ಮಾತು ಕೇಳ್ಲಿಲ್ಲ ನೀನು."

"ಕೇಳಿದ್ರೆ ಗಾಡಿ ಐದನೇ ನಿಮಿಷಕ್ಕೆ ಬರ್ತಿತ್ತು ರೀ."

"ಬರ್ಲಿ. ಐದನೇ ನಿಮಿಷಕ್ಕೇ ಬರ್ಲಿ. ಟೈರು ತಾನೇ?"

ಅವಳು ಇದನ್ನು ನನಗೆ ಹೇಳಿ, "ಇದಕ್ಕೆ ಏನಂತ ಉತ್ತರ ಕೊಡೋದು, ನೀನೇ ಹೇಳು" ಎಂದು ನಕ್ಕಳು. ಆದರೆ ನಕ್ಕ ಮೇಲೆ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಿದ್ದಳು.

ಇದಾದ ಎರಡು ವರ್ಷಕ್ಕೆ ನಾನು ಹೇಳಹೊರಟ ಆ ಮಧ್ಯಾಹ್ನ ಬಂತು. ಊರಾಚೆ ಕಾಗದದ ಕಾರ್ಖಾನೆಯೊಂದು ಹೊತ್ತಿಕೊಂಡು ನಮ್ಮ ಎರಡು ಗಾಡಿ ಅಲ್ಲಿಗೆ ಹೋಗಿದ್ದವು. ಕೆಳಗೆ ಉಳಿದಿದ್ದದ್ದು ಏಣಿ ಗಾಡಿ ಒಂದೇ. ಅದನ್ನು ಕಳಿಸುವ ಮುಂಚೆ ಎರಡು ಸಲ ಯೋಚಿಸಬೇಕು ಅಂತ ಸಾಹೇಬರು ಹೇಳಿ ಹೋಗಿದ್ದರು. ಎರಡೂ ಕಾಲು ಗಂಟೆಗೆ ಫೋನು ಬಡಿದುಕೊಂಡಿತು. ಬರೆದುಕೊಳ್ಳಲು ಅನುಕೂಲವೆಂದು ಅವಳು ಸ್ಪೀಕರ್ ಹಾಕಿದ್ದರಿಂದ ಪ್ರತಿ ಮಾತೂ ನನಗೆ ಕೇಳುತ್ತಿತ್ತು.

"ಅಗ್ನಿಶಾಮಕ ಠಾಣೆ. ವಿಳಾಸ ಹೇಳಿ."

ರೈಲಿನ ವೇಳಾಪಟ್ಟಿ ಓದುವ ದನಿಯಲ್ಲಿ ಒಬ್ಬ ವಯಸ್ಸಾದ ಗಂಡಸು ವಿಳಾಸ ಹೇಳಿದರು. ರಸ್ತೆ, ತಿರುವು, ಕಟ್ಟಡದ ನಂಬರು, ಮೂರನೇ ಮಹಡಿ, ಎಡಗಡೆ ಬಾಗಿಲು. "ಮೆಟ್ಟಿಲು ಒಟ್ಟು ಐವತ್ನಾಲ್ಕು. ಲಿಫ್ಟ್ ಇಲ್ಲ."

ಐಸಕ್ಕನ ಮುಖ ಹೂವಿನ ಹಾಗೆ ಅರಳಿತು.

"ಏನಾಗಿದೆ ಸರ್?"

"ನೆಲಮಹಡಿಯಲ್ಲಿ ಹಾಸಿಗೆ ಅಂಗಡಿಯವರ ಗೋದಾಮಿದೆ. ಅಲ್ಲಿಂದ ಹೊಗೆ ಬರ್ತಿದೆ. ಅವಸರ ಏನಿಲ್ಲ. ನಿಮಗೆ ಅನುಕೂಲ ಆದಾಗ ಕಳಿಸಿ."

ಅವಳು ಫೋನಿಗೆ ಅಂಗೈ ಮುಚ್ಚಿದಳು. "ಕೇಳಿದ್ಯಾ? ಇಷ್ಟು ವರ್ಷ ನಾನು ಕಾಯ್ತಿದ್ದದ್ದು ಇವರಿಗೋಸ್ಕರ ಕಣೇ."

ಕರೆ ಬರೆದುಕೊಳ್ಳುವ ನಮ್ಮ ಕಾಗದದಲ್ಲಿ ಬೆಂಕಿ ಎಷ್ಟು ದೊಡ್ಡದೆಂದು ಗುರುತು ಹಾಕಲು ಮೂರು ಚೌಕ ಇರುತ್ತಿದ್ದವು: ದೊಡ್ಡದು, ಮಧ್ಯಮ, ಸಣ್ಣದು. ಅವಳು ಸಣ್ಣದಕ್ಕೆ ಗುರುತು ಹಾಕಿದಳು. ಹಾಕಿ, ಪೆನ್ನು ಎತ್ತಲಿಲ್ಲ. ಆ ಕ್ಷಣ ತನಗೇನಾಯಿತು ಎಂಬುದನ್ನು ಆಮೇಲೆ ಎಷ್ಟೋ ಸಲ ಅವಳು ನನಗೆ ಬಿಡಿಸಿ ಹೇಳಲು ನೋಡಿದ್ದಾಳೆ. ಎದೆ ಧಸಕ್ಕೆಂದಿತಂತೆ. ಕಾರಣ ಗೊತ್ತಿಲ್ಲ. ಸದಾ ಗಲಾಟೆ ಮಾಡುವ ಮಗು ಪಕ್ಕದ ಕೋಣೆಯಲ್ಲಿ ಇದ್ದಕ್ಕಿದ್ದಂತೆ ಸುಮ್ಮನಾದರೆ ತಾಯಿಗೆ ಹೇಗಾಗುತ್ತದೋ ಹಾಗೆ.

"ಸರ್, ಮೆಟ್ಟಿಲು ಕಾಣ್ತಿದೆಯಾ?"

"ಈಗ ಇಲ್ಲ. ಹತ್ತು ನಿಮಿಷದ ಹಿಂದೆ ಕಾಣ್ತಿತ್ತು."

"ಹತ್ತು ನಿಮಿಷನಾ? ಆಗಲೇ ಯಾಕೆ ಫೋನ್ ಮಾಡ್ಲಿಲ್ಲ?"

"ಪದಬಂಧ ಬಿಡಿಸ್ತಿದ್ದೆ. ಎಡದಿಂದ ಬಲಕ್ಕಿರೋ ಪದಗಳು ಮುಗೀಲಿ ಅಂತ."

"ಮನೆಯೊಳಗೆ ಹೊಗೆ ಬಂದಿದೆಯಾ?"

"ಬಂದಿದೆ. ಮೇಲಿಂದ ಕೆಳಗೆ ಇಳೀತಿದೆ. ಫ್ಯಾನು ಆಗಲೇ ಮುಚ್ಚಿಹೋಯ್ತು. ಈಗ ಗೋಡೆ ಗಡಿಯಾರ ಅರ್ಧ ಕಾಣ್ತಿದೆ."

ಐಸಕ್ಕ ಸಣ್ಣದನ್ನು ಹೊಡೆದು ಹಾಕಿ ದೊಡ್ಡದಕ್ಕೆ ಗುರುತು ಗೀಚಿ ಮೇಜು ಗುದ್ದಿದಳು. ನಾನು ಗಂಟೆ ಒತ್ತಿದೆ. ಕೆಳಗೆ ಬೂಟುಗಳು ಓಡಿದ ಸದ್ದು, ಏಣಿ ಗಾಡಿ ಗುಡುಗಿದ ಸದ್ದು. ಅಷ್ಟರಲ್ಲಿ ಅವಳು ಕಾಗದದಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದಳು. ನಾನು ಪಕ್ಕದಲ್ಲಿ ಕೂತ ಹನ್ನೊಂದು ವರ್ಷದಲ್ಲಿ ಅದೇ ಮೊದಲು.

"ನಿಮಗೆ ಭಯ ಆಗ್ತಿಲ್ವಾ ಸರ್?"

"ಇಲ್ಲಮ್ಮ, ನನಗೆ ಅದು ಆಗಲ್ಲ. ಒಂಬತ್ತು ವರ್ಷದ ಹಿಂದೆ ತಲೆಗೆ ಏಟು ಬಿತ್ತು. ಆಮೇಲಿಂದ ಭಯ, ಕೋಪ, ಸಂತೋಷ ಯಾವುದೂ ಆಗಲ್ಲ. ಡಾಕ್ಟರ ಕಾಗದ ಇದೆ, ಬೇಕಾದ್ರೆ ಓದಿ ಹೇಳ್ತೀನಿ."

"ಬೇಡ! ಎದ್ದು ರಸ್ತೆ ಕಡೆ ಕಿಟಕಿ ಹತ್ರ ಹೋಗಿ."

"ಕಿಟಕಿ ತೆಗೆದ್ರೆ ಕಾಗದ ಎಲ್ಲ ಹಾರಿಹೋಗುತ್ತೆ. ನನ್ನ ತಂಗಿ ಬಟ್ಟೆ ಹೊಲೀತಾಳೆ, ಈಗ ಪೇಟೆಗೆ ಹೋಗಿದ್ದಾಳೆ. ಅವಳು ಅಳತೆ ಬರೆದ ಚೀಟಿಗಳು ಮೇಜಿನ ಮೇಲಿವೆ. ಇಲ್ಲಿ ಕೂತ್ರೆ ಸದ್ಯಕ್ಕೆ ಉಸಿರಾಟ ಪರವಾಗಿಲ್ಲ. ಎರಡೂ ಕಡೆ ತೂಗಿ ನೋಡ್ತಿದ್ದೀನಿ."

ಆಗ ಐಸಕ್ಕ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. ಅವಳು ಕಿರುಚಿದಳು ನೋಡಿ, ಕೆಳಗಿನ ಗುಮಾಸ್ತ ನಮ್ಮ ಕೋಣೆಗೇ ಬೆಂಕಿ ಬಿತ್ತೆಂದು ಬಕೆಟ್ಟು ಹಿಡಿದು ಓಡಿ ಬಂದ.

"ತೂಗೋದು ಗೀಗೋದು ಆಮೇಲೆ! ಏಳ್ರೀ ಮೇಲೆ! ನಿಮಗೆ ಭಯ ಇಲ್ದಿದ್ರೆ ನನ್ನ ಭಯ ತಗೊಳ್ಳಿ! ನನ್ನ ಕೈಕಾಲು ನಡುಗ್ತಿದೆ, ಕೇಳಿಸ್ತಿದೆಯಾ? ನನ್ನ ಕೈಕಾಲು ನಡುಗ್ತಿದೆ ಅಂದ್ರೆ ನೀವು ಸಾಯ್ತೀರಿ ಅಂತ ಅರ್ಥ! ಏಳಿ!"

 ಆಮೇಲೆ ಅದೇ ವೇಳಾಪಟ್ಟಿಯ ದನಿ. "ಇದು ಒಳ್ಳೆ ಕಾರಣ. ಎದ್ದೆ."

ಮುಂದಿನ ಆರು ನಿಮಿಷ ಅವಳು ಅವರನ್ನು ಬೈದು ಬೈದೇ ನಡೆಸಿದಳು. ಬಗ್ಗಿ ನಡೀರಿ, ಇನ್ನೂ ಬಗ್ಗಿ, ಮೊಣಕಾಲ ಮೇಲೆ ಹೋಗಿ. ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ. ಯಾವ ಟವೆಲ್ ಅಂತ ಕೇಳ್ಬೇಡಿ, ಕೈಗೆ ಸಿಕ್ಕಿದ್ದು! ಕಿಟಕಿ ತೆಗೆದು ತಲೆ ಹೊರಗೆ ಹಾಕಿ, ಬಟ್ಟೆ ಬೀಸಿ. ಇನ್ನೂ ಜೋರಾಗಿ ಬೀಸ್ರೀ, ಮದುವೆ ಮನೇಲಿ ಅಜ್ಜಿಗೆ ಗಾಳಿ ಹಾಕಿದ ಹಾಗೆ ಬೀಸ್ಬೇಡಿ! ಕೊನೆಗೆ ಕೆಮ್ಮಿನ ನಡುವೆ, "ಏಣಿ ಬಂತಮ್ಮ, ಕೆಂಪು ಬಣ್ಣದ್ದು" ಎಂದು ಕೇಳಿಸಿ ಫೋನು ನಿಂತಿತು.

ನಮ್ಮ ಹುಡುಗರು ಅವರನ್ನು ಇಳಿಸಿದಾಗ ಅಂಗಿಯೊಳಗೆ ತಂಗಿಯ ಅಳತೆ ಚೀಟಿಗಳು ಜೋಪಾನವಾಗಿದ್ದವಂತೆ. ಅವರು ಎದ್ದು ಬಂದ ಕೋಣೆ ಐದು ನಿಮಿಷದಲ್ಲಿ ಇದ್ದಿಲಿನಂತೆ ಕಪ್ಪಾಗಿತ್ತು.

ಐಸಕ್ಕ ಕುರ್ಚಿ ಎತ್ತಿ ಕೂತಳು. ನೀರು ಕುಡಿಯಲು ಹೋಗಿ ಅರ್ಧ ಮಡಿಲಿಗೆ ಚೆಲ್ಲಿಕೊಂಡಳು. ಆಮೇಲೆ ತನ್ನ ಮೊಬೈಲ್ ತೆಗೆದು ಗಂಡನಿಗೆ ಫೋನ್ ಮಾಡಿದಳು. "ಏನಿಲ್ಲ ರೀ. ಸುಮ್ನೆ ಮಾಡ್ದೆ," ಅಂದು ಇಟ್ಟಳು. ಹತ್ತು ನಿಮಿಷಕ್ಕೆ ಆ ಮನುಷ್ಯ ಅಂಗಡಿಗೆ ಬೀಗವನ್ನೂ ಹಾಕದೆ, ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಠಾಣೆಯ ಮೆಟ್ಟಿಲು ಹತ್ತಿ ಬಂದ.

"ಏನಾಯ್ತೇ? ಮೂವತ್ತು ವರ್ಷದಲ್ಲಿ ನೀನು ಯಾವತ್ತಾದ್ರೂ ಸುಮ್ನೆ ಫೋನ್ ಮಾಡಿದ್ದುಂಟಾ?"

ಅವಳು ಅವನನ್ನು ನೋಡಿದಳು, ಸ್ಪ್ಯಾನರನ್ನು ನೋಡಿದಳು, ನಗಲು ಶುರುಮಾಡಿದಳು. ನಗುನಗುತ್ತ ಅದು ಅಳುವಾಯಿತು. ಅವಳು ಅತ್ತದ್ದು ನೋಡಿ ಗಂಡ ಅತ್ತ. ಇಬ್ಬರನ್ನೂ ನೋಡಿ ಗುಮಾಸ್ತನೂ ಬಕೆಟ್ಟು ಕೆಳಗಿಟ್ಟು ಕಣ್ಣೊರೆಸಿಕೊಂಡ. ಮುಂದಿನ ಎರಡು ಕರೆಗಳನ್ನು ನಾನೇ ಎತ್ತಬೇಕಾಯಿತು. ಸಂಜೆ ಹಿಂತಿರುಗಿದ ಸಾಹೇಬರು ವಿಷಯ ಕೇಳಿ, "ಐಸು ಕರಗಿತು ಅನ್ನಿ. ಇನ್ನು ಮೇಲೆ ಏನಂತ ಕರೆಯೋಣ, ನೀರಕ್ಕ ಅಂತಲೋ?" ಎಂದು ಕೇಳಿ, ತಮ್ಮ ಜೋಕಿಗೆ ತಾವೇ ಬಹಳ ಹೊತ್ತು ನಕ್ಕರು.

ಕರೆ ಮಾಡಿದವರನ್ನು ಹುಡುಕಿಕೊಂಡು ಹೋಗುವ ರೂಢಿ ನಮ್ಮಲ್ಲಿಲ್ಲ. ಆದರೆ ಗಂಡ ಬಿಡಲಿಲ್ಲ. ಹದಿನೈದು ದಿನ ಬಿಟ್ಟು, ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಗಂಡ ಹೆಂಡತಿ ಆ ಮನೆಗೆ ಹೋದರು. ಗೋಡೆಗೆ ಆಗಷ್ಟೇ ಹೊಸ ಸುಣ್ಣ ಹೊಡೆದಿದ್ದರು. ಫೋನು ಮಾಡಿದ್ದ ಯಜಮಾನರು ಮೊದಲು ಕಟ್ಟಡಗಳ ನಕ್ಷೆ ಬಿಡಿಸುವ ಕೆಲಸದಲ್ಲಿದ್ದವರು. ಕೆಲಸದ ಜಾಗದಲ್ಲಿ ತಲೆಯ ಮೇಲೆ ತೊಲೆ ಬಿದ್ದ ಮೇಲೆ ವಿಧವೆ ತಂಗಿಯ ಜೊತೆ ಇದ್ದರು. ನಮ್ಮನ್ನು ನೋಡಿ ಅವರು ಖುಷಿಪಡಲಿಲ್ಲ, ಬೇಸರಪಡಲೂ ಇಲ್ಲ. "ಕೂತ್ಕೊಳ್ಳಿ. ನಾಲ್ಕು ಕುರ್ಚಿ ಇದೆ, ಐದು ಜನ ಇದ್ದೀವಿ. ನಾನು ನಿಂತ್ಕೋತೀನಿ," ಅಂದರು.

ತಂಗಿ ಮಾತಿನ ಮಲ್ಲಿ. ಹೊಲಿಗೆ ಯಂತ್ರದ ಪಕ್ಕ ಕೂತು ಅಣ್ಣನ ಪುರಾಣ ಬಿಚ್ಚಿದಳು. "ನೋಡಿದವರೆಲ್ಲ ನಮ್ಮಣ್ಣನ್ನ ಋಷಿ ಅಂತಾರೆ. ಒಂದು ದಿನ ಮುಖ ಸಿಂಡರಿಸಿದ್ದಿಲ್ಲ. ನಾನು ಬೈದ್ರೂ ಸರಿ, ಹೊಗಳಿದ್ರೂ ಸರಿ. ಆದ್ರೆ ಬೆಳಗ್ಗೆ ಬೀರು ಮುಂದೆ ನಿಂತ್ರೆ ಮುಗೀತು. ಬಿಳಿ ಅಂಗಿನೋ ನೀಲಿ ಅಂಗಿನೋ? ಬಿಳಿದು ಬೇಗ ಕೊಳೆ ಆಗುತ್ತೆ, ನೀಲಿ ಸ್ವಲ್ಪ ದಪ್ಪ, ಇವತ್ತು ಬಿಸಿಲಿದೆ, ಮಧ್ಯಾಹ್ನ ಮೋಡ ಬರಬಹುದು... ಮುಕ್ಕಾಲು ಗಂಟೆ! ಕೊನೆಗೆ ನಾನು ಎಲ್ಲಾ ಬಿಳಿ ಅಂಗಿನೇ ಹೊಲಿದಿಟ್ಟೆ."

"ಹನ್ನೆರಡು ಅಂಗಿ," ಅಂದರು ಅಣ್ಣ. "ಈಗ ಸಮಯ ಉಳೀತಿದೆ."

ಐಸಕ್ಕ ಮುಂದಕ್ಕೆ ಬಾಗಿ ಕೂತಿದ್ದಳು. ಅವಳು ಬಂದದ್ದೇ ಒಂದು ಪ್ರಶ್ನೆ ಕೇಳಲು ಎಂದು ನನಗೆ ಆಗ ಹೊಳೆಯಿತು.

"ಸರ್, ತಪ್ಪು ತಿಳ್ಕೋಬೇಡಿ. ನಾನು ಚಿಕ್ಕವಳಿಂದ ಒಂದು ಮಾತು ನಂಬಿಕೊಂಡು ಬಂದಿದ್ದೀನಿ. ಈ ಭಾವನೆ ಅನ್ನೋದು ಇಲ್ದಿದ್ರೆ ಮನುಷ್ಯರು ಚೆನ್ನಾಗಿರ್ತಿದ್ರು ಅಂತ. ನೀವು ಎರಡನ್ನೂ ನೋಡಿದವರು. ನೀವೇ ಹೇಳಿ."

"ನಾನೂ ಪಟ್ಟಿ ಮಾಡಿದ್ದೀನಿ," ಎಂದು ಅವರು ಮೇಜಿನ ಡ್ರಾಯರಿನಿಂದ ಒಂದು ಹಾಳೆ ತೆಗೆದರು. ಎಂಥ ಅಚ್ಚುಕಟ್ಟು ಬರಹ! "ಒಳ್ಳೇದು ಹದಿನಾಲ್ಕು. ನಿದ್ದೆ ಚೆನ್ನಾಗಿ ಬರುತ್ತೆ. ಹಲ್ಲಿನ ಡಾಕ್ಟರ ಹತ್ರ ಹೋಗೋಕೆ ಕಷ್ಟ ಇಲ್ಲ. ಯಾರ ಮೇಲೂ ದ್ವೇಷ ಇಲ್ಲ. ಕೆಟ್ಟದ್ದು ಒಂಬತ್ತು. ಈಗ ಬೆಂಕಿ ಸೇರಿಸಿ ಹತ್ತು. ಲೆಕ್ಕದ ಪ್ರಕಾರ ಇದೇ ಒಳ್ಳೇದು."

"ಹಾಗಾದ್ರೆ..."

"ಆದ್ರೆ ನನಗೆ ಇದು ಬೇಕು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. 'ಬೇಕು' ಅನ್ನೋದೇ ಇಲ್ಲ ನೋಡಿ. ನೀವು ಕೇಳ್ತಿದ್ದೀರಿ, ಚೆನ್ನಾಗಿರ್ತಿದ್ರಾ ಅಂತ. ಚೆನ್ನಾಗಿದೆ ಅಂತ ಹೇಳೋಕೆ ಯಾರಿಗಾದ್ರೂ ಏನಾದ್ರೂ ಇಷ್ಟ ಆಗ್ಬೇಕಲ್ಲಮ್ಮ. ಎಲ್ಲರೂ ನನ್ನ ಹಾಗಿದ್ರೆ ಈ ಪ್ರಶ್ನೆ ಕೇಳೋರು ಯಾರಿರ್ತಾರೆ?"

ಅವರು ಇದನ್ನು ಅಂಗಿಯ ಬಣ್ಣದ ಬಗ್ಗೆ ಹೇಳಿದ ದನಿಯಲ್ಲೇ ಹೇಳಿದರು. ನಿರೀಕ್ಷಿಸಿದಂತೆಯೇ ನಮ್ಮ ಸೈಕಲ್ ಅಂಗಡಿಯವನ ಕಣ್ಣು ತುಂಬಿ ಹರಿಯಿತು. ಯಜಮಾನರು ಅದನ್ನು ಗಮನಿಸಿದರು. ಜೇಬಿನಿಂದ ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದು ಕೊಟ್ಟರು. ಅವನ ಹೆಗಲ ಮೇಲೆ ಕೈಯಿಟ್ಟು ತುಟಿ ಆಡಿಸುತ್ತ ಹತ್ತರವರೆಗೆ ಎಣಿಸಿದರು. ಆಮೇಲೆ, "ನೀರು ಬೇಕಾ?" ಅಂದರು. ತಂಗಿಯ ಕಡೆ ತಿರುಗಿ, "ಸರಿಯಾಯ್ತಾ?" ಎಂದು ಕೇಳಿದರು.

"ಸರಿಯಾಯ್ತು ಅಣ್ಣ," ಅಂದಳು ತಂಗಿ. ನಮಗೆ ಹೇಳಿದಳು, "ನಾನೇ ಹೇಳ್ಕೊಟ್ಟದ್ದು. ನನ್ನ ಗಂಡ ತೀರಿಕೊಂಡಾಗ ಇವನು ಬಂದು ಗಡಿಯಾರ ನೋಡ್ಕೊಂಡು ಕೂತಿದ್ದ. ಒಂದು ತಿಂಗಳಾದ ಮೇಲೆ ಕೂರಿಸಿ ಪಾಠ ಮಾಡ್ದೆ. ಒಂದು ದಿನವೂ ತಪ್ಪಿಸಿಲ್ಲ, ಪಾಪ. ಎಷ್ಟು ಜನ ಅಣ್ಣಂದಿರು ಹತ್ತರವರೆಗೆ ಎಣಿಸ್ತಾರೆ ಹೇಳಿ."

ಕರವಸ್ತ್ರ ಸಾಲದೆ ಸೈಕಲ್ ಅಂಗಡಿಯವನು ಅಂಗಿಯ ತೋಳಿಗೆ ಕೈಹಾಕಿದ.  ಐಸಕ್ಕ ಹೊರಡುವಾಗ ಯಜಮಾನರ ಎರಡೂ ಕೈ ಹಿಡಿದುಕೊಂಡು, "ಗ್ಯಾಸ್ ಆಫ್ ಮಾಡಿದ್ದೀರಾ ಅಂತ ದಿನಾ ಎರಡು ಸಲ ನೋಡಿ. ನನಗೋಸ್ಕರ," ಅಂದಳು. ಅವರು ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಂಡರು.

ಇಷ್ಟಾದ ಮೇಲೆ ಐಸಕ್ಕ ಅಳುಬುರುಕಿಯಾದಳು ಅಂತ ಯಾರಾದರೂ ತಿಳಿದರೆ ತಪ್ಪು. ಮರುದಿನದ ಮೊದಲ ಕರೆಗೂ ಅದೇ ನಾಲ್ಕು ಮಾತು, ಅದೇ ದನಿ. "ನಾನೂ ಅವರ ಜೊತೆ ಬಾಯಿ ಬಾಯಿ ಬಡ್ಕೊಂಡ್ರೆ ಬೆಂಕಿ ಏನು ಕೇಳಿಸಿಕೊಂಡು ಆರುತ್ತಾ?" ಎನ್ನುತ್ತಿದ್ದಳು. ಬದಲಾದದ್ದು ಕಾಗದ. 'ಕರೆ ಮಾಡಿದವರ ದನಿ ಹೇಗಿತ್ತು?' ಎಂದು ಒಂದು ಸಾಲು ಸೇರಿಸಬೇಕು ಅಂತ ಅವಳು ಸಾಹೇಬರ ಮುಂದೆ ಹಟ ಹಿಡಿದಳು. ಸಾಹೇಬರು ಮೇಲಿನವರಿಗೆ ಬರೆದರು. ಹೊಸ ಕಾಗದ ಅಚ್ಚು ಹಾಕಿಸುವುದು ಸಾಧ್ಯವಿಲ್ಲ ಎಂದು ಉತ್ತರ ಬಂತು. ಐಸಕ್ಕ ತಾನೇ ಕೂತು, ಇದ್ದ ಎಂಟು ನೂರು ಕಾಗದಗಳ ಅಂಚಿನಲ್ಲಿ ಪೆನ್ಸಿಲಿನಿಂದ ಆ ಸಾಲು ಬರೆದಳು. ಬರೆಯುವಾಗ ಗೊಣಗಿದ್ದೂ ಗೊಣಗಿದ್ದೇ.

ಅವಳ ದೆಸೆಯಿಂದ ನಮಗೆ ಕೆಲವು ಸಂಗತಿ ಕಣ್ಣಿಗೆ ಬಿದ್ದವು. ತೀರ ಕಿರುಚುವವರಿಗಿಂತ ಪಿಸುಗುಟ್ಟುವವರ ಮನೆಗೆ ಮೊದಲು ಹೋಗಬೇಕು. ನಡುನಡುವೆ ನಗುವವರು ತುಂಬ ಹೆದರಿರುತ್ತಾರೆ. ಸಿಟ್ಟಿನಿಂದ ಬೈಯುವವರು ಸಾಮಾನ್ಯವಾಗಿ ಸುರಕ್ಷಿತವಾಗಿ ರಸ್ತೆಯಲ್ಲಿ ನಿಂತಿರುತ್ತಾರೆ. ಹೊಸಬರಿಗೆ ಪಾಠ ಹೇಳುವಾಗ ಅವಳು, "ದನಿ ತಣ್ಣಗಿರ್ಲಿ. ಹೊಟ್ಟೆ ಏನು ಹೇಳುತ್ತೆ ಅಂತಲೂ ಒಂದು ಕಿವಿ ಇರ್ಲಿ," ಎನ್ನುತ್ತಿದ್ದಳು. ಒಬ್ಬ ಹುಡುಗಿ ಎದ್ದು, "ಹೊಟ್ಟೆ ತಪ್ಪು ಹೇಳಿದ್ರೆ ಮೇಡಂ?" ಎಂದು ಕೇಳಿದಳು. "ಒಂದು ಗಾಡಿ ಸುಮ್ನೆ ಹೋಗಿ ಬರುತ್ತೆ. ಟೈರು ತಾನೇ ಸವೆಯೋದು," ಅಂದಳು ಐಸಕ್ಕ. ಅಂದವಳು ಯಾಕೋ ಮಾತು ನಿಲ್ಲಿಸಿ ನಕ್ಕುಬಿಟ್ಟಳು. ಹುಡುಗಿಯರಿಗೆ ಯಾಕೆಂದು ತಿಳಿಯಲಿಲ್ಲ.

ಸಾಹೇಬರ ಜೊತೆಗಿನ ಟೀ ಹೊತ್ತಿನ ವಾದ ನಿಂತಿತೇ ಅಂದರೆ, ಇಲ್ಲ. ಅವಳು ಪಕ್ಷ ಬದಲಿಸಿದ್ದು ನೋಡಿ ಸಾಹೇಬರೂ ಪಕ್ಷ ಬದಲಿಸಿದರು. "ನೋಡಮ್ಮ, ಆ ಯಜಮಾನರಿಗೆ ಹೊಟ್ಟೆಕಿಚ್ಚಾದ್ರೂ ಇಲ್ವಲ್ಲ, ಅದು ಕಮ್ಮಿಯೇ?" ಎಂದು ಅವರು ಶುರುಮಾಡಿದರೆ, ಅವಳು ಬಿಸ್ಕತ್ತು ಮುರಿದು ಯುದ್ಧಕ್ಕೆ ಇಳಿಯುತ್ತಿದ್ದಳು.

ಈಗ ಅವಳು ನಿವೃತ್ತಳಾಗಿ ಮೂರು ವರ್ಷ. ಪ್ರತಿ ಬುಧವಾರ ಐವತ್ನಾಲ್ಕು ಮೆಟ್ಟಿಲು ಹತ್ತಿ ಯಜಮಾನರ ಜೊತೆ ಚದುರಂಗ ಆಡಲು ಹೋಗುತ್ತಾಳೆ. ಅವರು ಆಟದಲ್ಲಿ ಹುಲಿ, ಗಾಬರಿಯಿಲ್ಲ, ದುರಾಸೆಯಿಲ್ಲ. ಮೊದಲ ವರ್ಷವಿಡೀ ಇವಳು ಸೋತಳು. ಸೋತಾಗಲೆಲ್ಲ ಕಾಯಿ ಕುಕ್ಕುತ್ತಿದ್ದಳು, ಬೋರ್ಡು ಸರಿಯಿಲ್ಲ ಅನ್ನುತ್ತಿದ್ದಳು, ಬೆಳಕು ಸಾಲದು ಅನ್ನುತ್ತಿದ್ದಳು. ಆಮೇಲೆ ಒಂದು ದಿನ ಅವಳಿಗೆ ಒಂದು ದಾರಿ ಕಂಡಿತು. "ಸರ್, ಈ ನಡೆ ವಾಪಸ್ ತಗೋತೀನಿ," ಅಂದರೆ ಅವರು ಬೇಡ ಅನ್ನುವುದಿಲ್ಲ. ಬೇಡ ಅನ್ನಲು ಅವರಿಗೆ ಕಾರಣವೇ ಸಿಗುವುದಿಲ್ಲ. ಕಳೆದ ಬುಧವಾರ ಅವಳು ಹನ್ನೊಂದು ನಡೆ ವಾಪಸ್ ತೆಗೆದುಕೊಂಡಳು. ಹೊಲಿಗೆ ಯಂತ್ರದ ಹಿಂದಿನಿಂದ ತಂಗಿ, "ಇದು ಅನ್ಯಾಯ ಕಣ್ರೀ!" ಎಂದು ಕೂಗುತ್ತಿದ್ದರೂ ಕೇಳದೆ ರಾಜನನ್ನು ಮೂಲೆಗೆ ಒತ್ತಿದಳು.

ಗೆದ್ದ ಸುದ್ದಿ ಹೇಳಲು ಮನೆಗೆ ಹೋಗುವ ದಾರಿಯಲ್ಲೇ ಗಂಡನ ಅಂಗಡಿಗೆ ನುಗ್ಗಿದಳು. ಪಂಕ್ಚರ್ ಹಾಕುತ್ತಿದ್ದ ಅವನು ಎಲ್ಲ ಕೇಳಿ, ಟ್ಯೂಬನ್ನು ನೀರಿನಿಂದ ಎತ್ತಿ ಹಿಡಿದುಕೊಂಡೇ ಕೇಳಿದ. "ಹನ್ನೊಂದು ಸಲನಾ? ನಿನಗೆ ನಾಚಿಕೆ ಆಗಲ್ವೇನೇ?"

"ಆಗುತ್ತೆ ರೀ," ಅಂದಳು ಐಸಕ್ಕ, ಸೆರಗಿನಿಂದ ಮುಖದ ಬೆವರೊರೆಸಿಕೊಳ್ಳುತ್ತ. "ತುಂಬಾ ಆಗುತ್ತೆ. ಆದ್ರೂ ಗೆದ್ದೆ!"